ಮಿಡತೆ, ಚಿಮ್ಮಂಡೆಗಳ ಹಳೆಯ ಗುರುತು ಪುಸ್ತಕಗಳನ್ನು ಬಳಸುವ ಬಗೆ

ತೀರ್ಥಹಳ್ಳಿಯ ಅಡಿಕೆ ತೋಟದಲ್ಲೋ ಆಗುಂಬೆಯ ಕಾಡಂಚಿನಲ್ಲೋ ಸಿಕ್ಕ ಮಿಡತೆಯನ್ನು ಪ್ರಭೇದದ ಮಟ್ಟದವರೆಗೆ ಗುರುತಿಸಲು ಹೊರಟವರು ಬೇಗನೆ ಎರಡು ಹಳೆಯ ಸಂಪುಟಗಳ ಬಳಿಗೆ ಬರುತ್ತಾರೆ. ಮಿಡತೆಗಳಿಗೆ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ 1914ರಲ್ಲಿ, ಲೇಖಕರ ಮರಣಾನಂತರ ಪ್ರಕಟವಾದ ಡಬ್ಲ್ಯು. ಎಫ್. ಕರ್ಬಿಯವರ ಸಂಪುಟವಿದೆ; ಚಿಮ್ಮಂಡೆಗಳಿಗೆ ಅದೇ ಪರಂಪರೆಯಲ್ಲಿ 1969ರಲ್ಲಿ ಬಂದ ಲೂಸಿಯನ್ ಶೋಪಾರ್ ಅವರ ಸಂಪುಟವಿದೆ. ಯಾವುದನ್ನು ತೆರೆಯಬೇಕೆಂಬುದನ್ನು ಕುಡಿಮೀಸೆಯೇ ಹೇಳುತ್ತದೆ: ಗಿಡ್ಡವಾಗಿದ್ದರೆ ಕರ್ಬಿ, ಮೈಯುದ್ದವನ್ನೂ ಮೀರುವ ಎಳೆಯಂತಿದ್ದರೆ ಶೋಪಾರ್. ಉದ್ದ ಮೀಸೆಯ ಹಸಿರು ಎಲೆಮಿಡತೆಗಳು ಮಾತ್ರ ಈ ಎರಡರಲ್ಲೂ ಇಲ್ಲ. ಅವುಗಳ ಪಾದದಲ್ಲಿ ನಾಲ್ಕು ಗೆಣ್ಣುಗಳಿರುತ್ತವೆ, ಚಿಮ್ಮಂಡೆಗಳಲ್ಲಿ ಮೂರು.

ಮರಿಯೋ, ಗಿಡ್ಡ ರೆಕ್ಕೆಯ ಪ್ರೌಢವೋ?

ಈ ಪುಸ್ತಕಗಳ ಜೀವಾಳವೆಂದರೆ ‘ಕೀ’, ಅಂದರೆ ಒಂದಾದ ಮೇಲೊಂದರಂತೆ ಎರಡೆರಡು ಆಯ್ಕೆಗಳನ್ನು ಮುಂದಿಡುವ ಪಟ್ಟಿ. ಕೀಯನ್ನು ಪ್ರೌಢ ಕೀಟಕ್ಕಾಗಿಯೇ ಬರೆದಿರುತ್ತಾರೆ, ಆದರೆ ಪ್ರತಿ ಪುಟದಲ್ಲೂ ಅದನ್ನು ನೆನಪಿಸುವುದಿಲ್ಲ. ‘ರೆಕ್ಕೆಗಳು ಹೊಟ್ಟೆಗಿಂತ ಗಿಡ್ಡ’ ಎಂಬ ಸಾಲು ಮರಿಗೂ ಹೊಂದುತ್ತದೆ, ಹುಟ್ಟುಗುಣದಿಂದಲೇ ಗಿಡ್ಡ ರೆಕ್ಕೆಯಿರುವ ಪ್ರೌಢ ಮಿಡತೆಗೂ ಹೊಂದುತ್ತದೆ. ಮಳೆಗಾಲದ ನಡುವೆ ಗದ್ದೆಯಂಚಿನ ಹುಲ್ಲಿನಲ್ಲಿ ಮರಿಗಳೇ ಹೇರಳವಾಗಿರುವುದರಿಂದ ಕಲಿಯುವವರು ಸಿಕ್ಕಿಹಾಕಿಕೊಳ್ಳುವುದೂ ಇಲ್ಲಿಯೇ. ಗಾತ್ರ ನೋಡಿ ತೀರ್ಮಾನಿಸುವಂತಿಲ್ಲ, ಏಕೆಂದರೆ ದೊಡ್ಡ ಪ್ರಭೇದವೊಂದರ ಮರಿಯು ಸಣ್ಣ ಪ್ರಭೇದದ ಪ್ರೌಢಕ್ಕಿಂತ ದೊಡ್ಡದಿರಬಹುದು.

ನನಗೆ ಅತ್ಯಂತ ಇಷ್ಟವಾದ ಪರೀಕ್ಷೆ ಇದು: ಯಾವ ರೆಕ್ಕೆ ಯಾವುದರ ಮೇಲಿದೆ ಎಂದು ನೋಡುವುದು. ಪ್ರೌಢ ಮಿಡತೆಯಲ್ಲಿ ರೆಕ್ಕೆ ಎಷ್ಟೇ ಗಿಡ್ಡವಾಗಿರಲಿ, ಮುಂದಿನ ಜೋಡಿಯು ಹೊರಗಿದ್ದು ಹಿಂದಿನ ಜೋಡಿಯನ್ನು ಮುಚ್ಚಿರುತ್ತದೆ. ಬೆಳೆದ ಮರಿಯಲ್ಲಿ ಇದು ತಿರುವುಮುರುವು. ಎಳೆಯ ಹಂತಗಳಲ್ಲಿ ರೆಕ್ಕೆಯ ಮೊಗ್ಗುಗಳು ಎದೆಯ ಪಕ್ಕಕ್ಕೆ ಕೆಳಮುಖವಾಗಿ ಇಳಿಬಿದ್ದಿರುತ್ತವೆ. ಪೊರೆ ಕಳಚುತ್ತ ಬೆಳೆದು ಕೊನೆಯ ಹಂತಗಳನ್ನು ತಲುಪಿದಾಗ ಅವು ಮಗುಚಿ ಬೆನ್ನಿನ ಮೇಲಕ್ಕೆ ಬರುತ್ತವೆ, ಆಗ ಹಿಂದಿನ ರೆಕ್ಕೆಯ ಮೊಗ್ಗು ಹೊರಗಾಗಿ ಮುಂದಿನದು ಅದರಡಿಯಲ್ಲಿ ಅಡಗುತ್ತದೆ. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದರೆ, ಹೊರಗೆ ಕಾಣುವ ಮೊಗ್ಗು ತ್ರಿಕೋನಾಕಾರದಲ್ಲಿದ್ದು ಅದರ ನರಗಳು ಬೀಸಣಿಗೆಯ ಕಡ್ಡಿಗಳಂತೆ ಹರಡಿರುತ್ತವೆ, ಕಾರಣ ಅದು ಮುಂದೆ ಬೀಸಣಿಗೆಯಂತೆಯೇ ಬಿಚ್ಚಿಕೊಳ್ಳಬೇಕಾದ ಹಿಂದಿನ ರೆಕ್ಕೆ. ಹೀಗೆ ಕಂಡರೆ ಅದು ಮರಿ, ಪುಸ್ತಕ ಮುಚ್ಚಬಹುದು. ರೆಕ್ಕೆಯೇ ಇಲ್ಲದ ಪ್ರಭೇದಗಳಿಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಹೆಣ್ಣಿನ ಮೊಟ್ಟೆಯಿಡುವ ಅಂಗವು ಪೂರ್ತಿ ಬಲಿತಿದೆಯೇ ಎಂದು ನೋಡಬೇಕು.

ಮುಂಗಾಲುಗಳ ನಡುವಿನ ಗೂಟ

ಮುಂಗಾಲುಗಳ ಬುಡದ ನಡುವೆ, ಎದೆಯ ಅಡಿಭಾಗದಲ್ಲಿ, ಸಣ್ಣ ಗೂಟದಂಥ ಉಬ್ಬು ಇದೆಯೇ ಇಲ್ಲವೇ ಎಂಬುದು ಉಪಕುಟುಂಬಗಳನ್ನು ಬೇರ್ಪಡಿಸುವ ದೊಡ್ಡ ಕವಲು. ಭತ್ತದ ಗದ್ದೆಯ ಆಕ್ಸಿಯಾ ಮಿಡತೆಗೆ ಅದಿದೆ. ಓರೆ ಮುಖದ ಅಕ್ರಿಡಾಗೆ ಇಲ್ಲ. ಬೆನ್ನಿನ ಕಡೆಯಿಂದ ತೆಗೆದ ಫೋಟೊ ಎಷ್ಟೇ ಸೊಗಸಾಗಿದ್ದರೂ ಇದಕ್ಕೆ ಉತ್ತರ ಕೊಡುವುದಿಲ್ಲ. ಕೀಟವನ್ನು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಕೆಳಗಿನಿಂದ ನೋಡಿದರೆ ಸಾಕು, ಕೊಲ್ಲುವ ಅಗತ್ಯವಿಲ್ಲ.

ಹೆಸರುಗಳು

ಕರ್ಬಿಯವರು ಒಂದೇ ಕುಟುಂಬದಡಿ ಇರಿಸಿದವುಗಳಲ್ಲಿ ಕೆಲವು ಈಗ ಬೇರೆ ಕುಟುಂಬಗಳಾಗಿವೆ. ಕಾಫಿ, ಏಲಕ್ಕಿ, ಅಡಿಕೆ ತೋಟಗಳಲ್ಲಿ ಕಾಣುವ, ಹಳದಿ ಚುಕ್ಕೆಗಳ ರೆಕ್ಕೆಯಿದ್ದು ಮುಟ್ಟಿದರೆ ಎದೆಯಿಂದ ನೊರೆ ಉಕ್ಕಿಸುವ ಔಲಾರ್ಕಿಸ್ ಮಿಲಿಯಾರಿಸ್ ಅವರಲ್ಲಿ ಪೈರ್ಗೊಮಾರ್ಫಿನೇ ಎಂಬ ಉಪಕುಟುಂಬದಲ್ಲಿದೆ. ಇಂದು ಪೈರ್ಗೊಮಾರ್ಫಿಡೇ ಎಂಬುದೇ ಸ್ವತಂತ್ರ ಕುಟುಂಬ. ಆದ್ದರಿಂದ ಪುಸ್ತಕದಲ್ಲಿ ಸಿಕ್ಕ ಹೆಸರನ್ನು ಆರ್ಥೊಪ್ಟೆರಾ ಸ್ಪೀಶೀಸ್ ಫೈಲ್ ಎಂಬ ಜಾಲತಾಣದಲ್ಲಿ ಹುಡುಕಿ, ಈಗ ಮಾನ್ಯವಾದ ಹೆಸರನ್ನು ಪಕ್ಕದಲ್ಲಿ ಬರೆದುಕೊಳ್ಳಬೇಕು. ಬಾಹ್ಯ ಲಕ್ಷಣಗಳ ವಿವರಣೆಗೆ ಮಾತ್ರ ವಯಸ್ಸಾಗಿಲ್ಲ.

ಚಿಮ್ಮಂಡೆಗಳಲ್ಲಿ ದನಿ

ಶೋಪಾರ್ ಅವರ ಸಂಪುಟ ಸಂಗ್ರಹಾಲಯದ ಒಣ ಮಾದರಿಗಳನ್ನು ಮುಂದಿಟ್ಟುಕೊಂಡವರಿಗೆ ಒದಗುವಂಥದು. ರಾತ್ರಿ ಕಿವಿಗೆ ಬೀಳುವ ದನಿಯಿಂದ ಅದರೊಳಗೆ ದಾರಿಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಸಹೋದ್ಯೋಗಿಗಳು ಕುದುರೆಮುಖದ ನಿತ್ಯಹರಿದ್ವರ್ಣ ಕಾಡಿನ ಚಿಮ್ಮಂಡೆ, ಎಲೆಮಿಡತೆಗಳ ಕರೆಗಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕೊರತೆಯನ್ನು ನಮ್ಮ ಕಾಡಿನ ಮಟ್ಟಿಗೆ ಬಹಳಷ್ಟು ತುಂಬುತ್ತದೆ. ಸಾಮಾನ್ಯವಾಗಿ ಕೂಗುವುದು ಗಂಡು ಮಾತ್ರ. ಸೂಜಿಯಂಥ ಮೊಟ್ಟೆಯಿಡುವ ಅಂಗವಿರುವ ಮಾದರಿಯನ್ನು ಹಿಡಿದು ದನಿಗಾಗಿ ಕಾಯುವುದು ವ್ಯರ್ಥ. ಗಂಡಿನ ದನಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವಾಗ ಆ ಹೊತ್ತಿನ ತಾಪಮಾನವನ್ನೂ ಬರೆದಿಡಬೇಕು, ಏಕೆಂದರೆ ಸೆಕೆ ಏರಿದಂತೆ ಕೂಗಿನ ವೇಗವೂ ಏರುವುದರಿಂದ, ಒಂದೇ ಪ್ರಭೇದದ ಎರಡು ರಾತ್ರಿಗಳ ದನಿಗಳನ್ನು ತಾಪಮಾನವಿಲ್ಲದೆ ಹೋಲಿಸಲು ಬರುವುದಿಲ್ಲ.