ಕ್ವಾಂಟಂ ತಂಡ ಮುನ್ನಡೆಸುವವರಿಗೆ ಏನು ಗೊತ್ತಿರಬೇಕು?

ಪ್ರಶ್ನೆ: ಹಾಸನದಲ್ಲಿ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಓದುತ್ತಿದ್ದೇನೆ. ಮುಂದೆ ಕ್ವಾಂಟಂ ಕಂಪ್ಯೂಟಿಂಗ್ ಸಂಶೋಧನಾ ತಂಡ ನಡೆಸುವ ಆಸೆ. ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಬೇಕೇ ಬೇಕಾ? ಎಲ್ಲ ಉತ್ತರಗಳನ್ನೂ ಒಂದೇ ಸಲಕ್ಕೆ ನೋಡಿಬಿಡುವ ಯಂತ್ರವಲ್ವಾ, ಕಾಫಿ ರೇಟು ಮೊದಲೇ ಹೇಳಿಸಬಹುದಾ?

ಉತ್ತರ: ಸಂಶೋಧನಾ ತಂಡ ನಡೆಸಲು ಸಾಮಾನ್ಯವಾಗಿ ಪಿಎಚ್‌ಡಿ ಬೇಕು. ಭೌತಶಾಸ್ತ್ರವೇ ಆಗಬೇಕಿಲ್ಲ. ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್, ಗಣಿತ ಯಾವುದಾದರೂ ಸರಿ. ಅದು ಅಷ್ಟೇ.

ನನಗೆ ಬೇಸರ ತರುವುದು ಆ "ಒಂದೇ ಸಲಕ್ಕೆ" ಅನ್ನುವ ಮಾತು. ಎಷ್ಟು ಸಲ ಬಿಡಿಸಿ ಹೇಳಿದರೂ ಮುಂದಿನ ತಿಂಗಳು ಮತ್ತೆ ಬರುತ್ತದೆ. ತಂಡದ ಮುಖ್ಯಸ್ಥರೇ ಇದನ್ನು ನಂಬಿದರೆ ಸಲ್ಲದ ಸಮಸ್ಯೆ ಆರಿಸಿಕೊಳ್ಳುತ್ತಾರೆ. ಹಾಳಾಗುವುದು ಜೊತೆಗಿರುವ ವಿದ್ಯಾರ್ಥಿಗಳ ವರ್ಷಗಳು.

20 ಕ್ಯೂಬಿಟ್ (0 ಮತ್ತು 1 ಎರಡರ ಮಿಶ್ರಣದಲ್ಲೂ ಇರಬಲ್ಲ ಕ್ವಾಂಟಂ ಬಿಟ್) ತಗೊಳ್ಳಿ. ಅದರಲ್ಲಿ 10,48,576 ಸಾಧ್ಯತೆಗಳು ಒಟ್ಟಿಗೆ ಇರಬಹುದು, ನಿಜ. ಆದರೆ ಅಳೆದಾಗ ಕೈಗೆ ಸಿಗುವುದು ಒಂದೇ. ಸುಮ್ನೆ ಅಳೆದರೆ ಡಬ್ಬಿಯಿಂದ ಕಣ್ಣು ಮುಚ್ಚಿ ಚೀಟಿ ಎತ್ತಿದ ಹಾಗೆ. ಕಸುಬು ಇರುವುದು ಬೇರೆ ಕಡೆ. ಪ್ರತಿ ಸಾಧ್ಯತೆಗೂ ಒಂದು ಸಂಖ್ಯೆ ಅಂಟಿಕೊಂಡಿರುತ್ತದೆ. ಅದು ಮೈನಸ್ಸೂ ಆಗಬಹುದು. ತಪ್ಪು ಉತ್ತರಗಳ ಪ್ಲಸ್ಸು ಮೈನಸ್ಸು ಹೊಡೆದುಹೋಗಿ, ಸರಿ ಉತ್ತರದ್ದು ಕೂಡಿಕೊಂಡು ಬೆಳೆಯುವಂತೆ ಲೆಕ್ಕ ಹೂಡಬೇಕು.

ಇನ್ನೂ ನಂಬಿಕೆ ಬರಲಿಲ್ಲವಾ? ಕಂಪ್ಯೂಟರ್ ವಿಜ್ಞಾನಿ ಲವ್ ಗ್ರೋವರ್ 1996ರಲ್ಲಿ ಕೊಟ್ಟ ಹುಡುಕುವ ವಿಧಾನವನ್ನು 3 ಕ್ಯೂಬಿಟ್‌ನಲ್ಲಿ ಮಾಡಿ ನೋಡಿ. ಎಂಟರಲ್ಲಿ ಒಂದು ಸರಿ ಉತ್ತರ. ಆ ಪ್ಲಸ್ಸು ಮೈನಸ್ಸಿನ ಲೆಕ್ಕವನ್ನು ಒಂದು ಸುತ್ತು ಮಾಡಿದರೆ ಅದು ಸಿಗುವ ಸಾಧ್ಯತೆ ಶೇ. 78. ಎರಡು ಸುತ್ತು ಮಾಡಿದರೆ ಶೇ. 94.5. ಮೂರನೇ ಸುತ್ತು ಹಾಕಿದರೆ ಶೇ. 33ಕ್ಕೆ ಕುಸಿಯುತ್ತದೆ! ಎಲ್ಲವನ್ನೂ ಮೊದಲ ಏಟಿಗೇ ನೋಡಿ ಮುಗಿಸಿದ ಯಂತ್ರ ಹೀಗೇಕೆ ಮಾಡುತ್ತದೆ? 10 ಲಕ್ಷ ಹೆಸರುಗಳಲ್ಲಿ ಒಂದನ್ನು ಹುಡುಕಲು ಇದೇ ವಿಧಾನಕ್ಕೆ ಸುಮಾರು 785 ಸುತ್ತು ಬೇಕು. ದೊಡ್ಡ ಉಳಿತಾಯವೇ, ಆದರೆ ಒಂದೇ ಸಲ ಅಲ್ಲ. 1994ರಲ್ಲಿ ಗಣಿತಜ್ಞ ಪೀಟರ್ ಶೋರ್ ದೊಡ್ಡ ಸಂಖ್ಯೆಗಳನ್ನು ಅಪವರ್ತಿಸುವ ದಾರಿ ತೋರಿಸಿದ್ದೂ ಆ ಲೆಕ್ಕದೊಳಗೆ ಮರುಕಳಿಸುವ ಒಂದು ಕ್ರಮ ಅಡಗಿದ್ದರಿಂದ.

ಕಾಫಿ ರೇಟಿನಲ್ಲಿ ಅಂಥ ಕ್ರಮ ಎಲ್ಲಿದೆ? ಬ್ರೆಜಿಲ್‌ನಲ್ಲಿ ಹಿಮಕ್ಕೆ ಕಾಫಿ ಬೆಳೆ ಹಾಳಾದರೆ ಚಿಕ್ಕಮಗಳೂರಿನಲ್ಲಿ ರೇಟು ಏರುತ್ತದೆ. ಆ ಹಿಮವನ್ನು ಯಾವ ಕ್ಯೂಬಿಟ್ಟೂ ಮೊದಲೇ ಕಾಣುವುದಿಲ್ಲ. ಅಣು, ರಾಸಾಯನಿಕ ಕ್ರಿಯೆಗಳ ಲೆಕ್ಕವಾದರೆ ಬನ್ನಿ, ಕೂತು ಮಾತಾಡೋಣ. ಯಾವ ಸಮಸ್ಯೆಗೆ ಬೇಡ ಅನ್ನಬೇಕು ಎಂದು ತಿಳಿದಿರುವುದೇ ಮುಖ್ಯಸ್ಥರ ಮೊದಲ ಕೆಲಸ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ: ತಂಡದಲ್ಲಿ ಯಾರಿರಬೇಕು? ಕ್ಯೂಬಿಟ್‌ಗಳಿರುವ ಸೂಪರ್‌ಕಂಡಕ್ಟಿಂಗ್ (ವಿದ್ಯುತ್ತು ತಡೆಯಿಲ್ಲದೆ ಹರಿಯುವ) ಚಿಪ್ ಕೆಲಸ ಮಾಡುವುದು ಸೊನ್ನೆ ಕೆಲ್ವಿನ್‌ಗಿಂತ (ಸುಮಾರು ಮೈನಸ್ 273 ಡಿಗ್ರಿ ಸೆಲ್ಸಿಯಸ್) ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟೇ ಮೇಲೆ. ಆ ಫ್ರಿಜ್ ನೋಡಿಕೊಳ್ಳುವವರು, ಕೇಬಲ್ ಜೋಡಿಸುವವರು, ಸಾಫ್ಟ್‌ವೇರ್ ಬರೆಯುವವರು, ಗಣಿತದವರು ಎಲ್ಲರೂ ಬೇಕು. ಹಾಸನದವರಿಗೆ ಇದು ಹೊಸದಲ್ಲ. ನಿಮ್ಮೂರಿನ ಎಂಸಿಎಫ್‌ನಲ್ಲಿ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) 1980ರ ದಶಕದಿಂದ ಉಪಗ್ರಹಗಳನ್ನು ನಿಭಾಯಿಸುತ್ತಿರುವುದೂ ಬೇರೆ ಬೇರೆ ಕಸುಬಿನವರು ಸೇರಿಯೇ. ಆ ಚಿಪ್‌ನ ಕ್ಯೂಬಿಟ್‌ಗಳಿಗೆ ಆಜ್ಞೆ ಹೋಗುವುದು ಕೆಲವು ಗಿಗಾಹರ್ಟ್ಸ್‌ನ ಮೈಕ್ರೋವೇವ್ ಪಲ್ಸ್‌ಗಳಲ್ಲಿ. ಅದು ನಿಮ್ಮ ಇ ಅಂಡ್ ಸಿ ಪಾಠವೇ. ಮೈಕ್ರೋವೇವ್ ಲ್ಯಾಬ್ ತಪ್ಪಿಸಬೇಡಿ, ಲೀನಿಯರ್ ಆಲ್ಜಿಬ್ರಾವನ್ನು ಇದೇ ಸೆಮಿಸ್ಟರ್‌ನಲ್ಲಿ ಇನ್ನೊಮ್ಮೆ ಓದಿ.