ಪದ ಪರಿಚಯ: ಡೇಟ್ ಫಾರ್ಮ್ಯಾಟ್

‘ಡೇಟ್ ಫಾರ್ಮ್ಯಾಟ್ ಸರಿಯಿಲ್ಲ, ಸ್ವಲ್ಪ ನೋಡಿ.’ ಅಂಕಿಅಂಶ ತೋರಿಸುವ ಡ್ಯಾಶ್‌ಬೋರ್ಡ್ ಕಟ್ಟುವವರ ಕಿವಿಗೆ ಈ ಮಾತು ಬೀಳದ ವಾರವಿಲ್ಲ. ನೋಡಲು ಹೋದರೆ ಬಹುಪಾಲು ಸಲ ಫಾರ್ಮ್ಯಾಟ್ ನೆಟ್ಟಗೇ ಇರುತ್ತದೆ, ಕೆಟ್ಟಿರುವುದು ಆ ಕಾಲಂನ ಡೇಟಾ ಟೈಪ್. ಎರಡಕ್ಕೂ ಒಂದೇ ಹೆಸರು ಹೇಳುತ್ತಿದ್ದರೆ ರಿಪೇರಿಯೂ ತಪ್ಪು ಜಾಗದಲ್ಲೇ ನಡೆಯುತ್ತದೆ.

ಮೌಲ್ಯವನ್ನು ಸಾಫ್ಟ್‌ವೇರ್ ಒಳಗೆ ಏನೆಂದು ಇಟ್ಟುಕೊಂಡಿದೆ ಎಂಬುದು ಟೈಪ್. ಅದನ್ನು ತೆರೆಯ ಮೇಲೆ ಹೇಗೆ ತೋರಿಸುತ್ತದೆ ಎಂಬುದು ಫಾರ್ಮ್ಯಾಟ್. ಎಕ್ಸೆಲ್‌ನೊಳಗೆ 2024ರ ಜನವರಿ 1 ಎಂದರೆ 45292 ಎಂಬ ಸಂಖ್ಯೆ, ಅಷ್ಟೇ. 1900ರ ಜನವರಿ 1ನ್ನು ಒಂದು ಎಂದು ಹಿಡಿದು ಎಣಿಸುತ್ತ ಬಂದ ಲೆಕ್ಕ ಅದು. (ಆ ಎಣಿಕೆಯಲ್ಲಿ 1900ರ ಫೆಬ್ರವರಿ 29 ಎಂಬ ಇಲ್ಲದ ದಿನವೂ ಸೇರಿದೆ. ಲೋಟಸ್ 1-2-3 ಎಂಬ ಹಳೆಯ ಸ್ಪ್ರೆಡ್‌ಶೀಟ್ ಸಾಫ್ಟ್‌ವೇರ್ ಜೊತೆ ಹೊಂದಿಕೊಳ್ಳಲೆಂದು ಬೇಕೆಂದೇ ಉಳಿಸಿಕೊಂಡ ತಪ್ಪು.) ದಿನ ಮೊದಲು ತೋರಿಸಿ, ತಿಂಗಳ ಹೆಸರು ಬರೆದು ತೋರಿಸಿ, ಒಳಗಿನ ಸಂಖ್ಯೆ ಕದಲುವುದಿಲ್ಲ. ಅದೇ ದಿನಾಂಕ ಟೆಕ್ಸ್ಟ್ ಆಗಿ ಕೂತಿದ್ದರೆ ಅದು ಬರೀ ಹತ್ತು ಅಕ್ಷರಗಳ ಸಾಲು. ಸಾರ್ಟ್ ಮಾಡಿದರೆ 02/01/2024 ಮೊದಲು, 15/12/2023 ಆಮೇಲೆ.

ಟೈಪ್ ಕೆಡುವುದು, ದಿನ-ತಿಂಗಳ ಕ್ರಮ ಅದಲುಬದಲಾಗುವುದು, ಈ ಎರಡೂ ತೊಂದರೆ ಒಂದೇ ಕಾಲಂನಲ್ಲಿ ಸೇರಿಕೊಂಡಾಗ ನಿಜವಾದ ಅನಾಹುತ. ದಿನ ಮೊದಲು ಬರೆದ ಏಪ್ರಿಲ್ ತಿಂಗಳ ಮಾರಾಟದ ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಬರೀ ಟೆಕ್ಸ್ಟ್) ಫೈಲನ್ನು ಅಮೆರಿಕದ ರೀಜನ್ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ತೆರೆಯಿರಿ. 13/04/2024ಕ್ಕೆ ಹದಿಮೂರನೇ ತಿಂಗಳು ಸಿಗದೆ ಅದು ಟೆಕ್ಸ್ಟ್ ಆಗಿಯೇ ಉಳಿದು ಸೆಲ್‌ನ ಎಡಕ್ಕೆ ಅಂಟಿಕೊಳ್ಳುತ್ತದೆ. ಅದಾದರೂ ಕಣ್ಣಿಗೆ ಬೀಳುತ್ತದೆ. 03/04/2024 ಮಾತ್ರ ಸದ್ದಿಲ್ಲದೆ ಮಾರ್ಚ್ 4 ಆಗುತ್ತದೆ, ಟೈಪ್ ಕೂಡ ಡೇಟ್ ಎಂದೇ ತೋರಿಸುತ್ತದೆ. ಹೀಗೆ ತಿಂಗಳ ಮೊದಲ ಹನ್ನೆರಡು ದಿನಗಳ ಮಾರಾಟ ಜನವರಿಯಿಂದ ಡಿಸೆಂಬರ್‌ವರೆಗೆ ಪ್ರತಿ ತಿಂಗಳ 4ನೇ ತಾರೀಖಿಗೆ ಹಂಚಿಹೋಗುತ್ತದೆ. ಏಪ್ರಿಲ್ 4 ಒಂದೇ ಪಾರಾಗುವುದು. ಇಲ್ಲಿ ಫಾರ್ಮ್ಯಾಟ್ ಬದಲಿಸಿ ಏನೂ ಪ್ರಯೋಜನವಿಲ್ಲ: ಟೆಕ್ಸ್ಟ್ ಜಪ್ಪಯ್ಯ ಎಂದರೂ ಬದಲಾಗದು, ತಪ್ಪಾದ ದಿನಾಂಕ ಇನ್ನಷ್ಟು ಅಚ್ಚುಕಟ್ಟಾಗಿ ತಪ್ಪಾಗಿಯೇ ಕಾಣುತ್ತದೆ. ಮೂಲ ಫೈಲಿಗೆ ಮರಳಿ, ಇಂಪೋರ್ಟ್ ಮಾಡುವಾಗಲೇ ‘ದಿನ, ತಿಂಗಳು, ವರ್ಷ’ ಎಂದು ಕ್ರಮ ಹೇಳಿಕೊಡಬೇಕು. ಟೈಪ್ ಯಾವುದೆಂಬ ಅನುಮಾನವಿದ್ದರೆ ಸೆಲ್‌ಗಳನ್ನು ‘ಜನರಲ್’ಗೆ ಹಾಕಿ ನೋಡಿ. ಸಂಖ್ಯೆಯಾಗಿ ಬದಲಾದದ್ದು ಡೇಟ್, ಹಾಗೆಯೇ ಉಳಿದದ್ದು ಟೆಕ್ಸ್ಟ್.

ಇದರ ಉಲ್ಟಾ ಕೆಲಸವನ್ನು ನಾವೇ ಮಾಡಿಕೊಳ್ಳುತ್ತೇವೆ. ಡ್ಯಾಶ್‌ಬೋರ್ಡ್ ಕಟ್ಟುವ ಸಾಫ್ಟ್‌ವೇರ್ ಪವರ್ ಬಿಐನ ‘ಫಾರ್ಮ್ಯಾಟ್’ ಫಂಕ್ಷನ್ ಹೆಸರಿಗೆ ಮಾತ್ರ ಫಾರ್ಮ್ಯಾಟ್, ಅದು ಹಿಂದಿರುಗಿಸುವುದು ಟೆಕ್ಸ್ಟ್. ಪೋಸ್ಟ್‌ಗ್ರೆಸ್ ಡೇಟಾಬೇಸಿನ ‘ಟು ಚಾರ್’ ಕೂಡ ಹಾಗೆಯೇ. ತಿಂಗಳ ಹೆಸರು ಚೆಂದ ಕಾಣಲೆಂದು ಇದನ್ನು ಬಳಸಿದ ಚಾರ್ಟಿನಲ್ಲಿ ಇಂಗ್ಲಿಷ್ ಅಕ್ಷರಕ್ರಮದಲ್ಲಿ ಏಪ್ರಿಲ್, ಆಗಸ್ಟ್, ಡಿಸೆಂಬರ್ ಎಂದು ತಿಂಗಳುಗಳು ಸಾಲುಗಟ್ಟುತ್ತವೆ. ಕಾಲಂ ಡೇಟ್ ಆಗಿಯೇ ಇರಲಿ, ತೋರಿಸುವ ರೂಪವನ್ನು ಕಾಲಂನ ಫಾರ್ಮ್ಯಾಟ್ ಸೆಟ್ಟಿಂಗ್‌ನಲ್ಲೇ ಬದಲಿಸಿ. ತಿಂಗಳ ಹೆಸರಿನ ಕಾಲಂ ಬೇಕೇ ಬೇಕೆಂದರೆ ಪಕ್ಕದಲ್ಲಿ ತಿಂಗಳ ಸಂಖ್ಯೆಯ ಕಾಲಂ ಇಟ್ಟು ಅದರ ಪ್ರಕಾರ ಸಾರ್ಟ್ ಮಾಡಿಸಿ.

ಟೆಕ್ಸ್ಟ್ ಅನಿವಾರ್ಯವಾಗುವ ಕಡೆಗಳೂ ಇವೆ. ಸಾಫ್ಟ್‌ವೇರ್‌ಗಳು ಡೇಟಾ ವಿನಿಮಯಕ್ಕೆ ಬಳಸುವ ಜೇಸನ್‌ನಲ್ಲಿ ಡೇಟ್ ಎಂಬ ಟೈಪೇ ಇಲ್ಲ, ಸಿಎಸ್‌ವಿಯಲ್ಲಿ ಯಾವ ಟೈಪೂ ಇಲ್ಲ. ಅಂಥಲ್ಲಿ 2024-04-03 ಎಂದು ವರ್ಷ ಮೊದಲು ಬರೆಯುವ ಐಎಸ್‌ಒ 8601 ಕ್ರಮ ಬಿಟ್ಟು ಬೇರೆ ಯಾವುದಕ್ಕೂ ಒಪ್ಪಬೇಡಿ. 1988ರಿಂದ ಇರುವ ಮಾನಕ ಇದು. ಹೀಗೆ ಬರೆದರೆ ಅಕ್ಷರಕ್ರಮವೂ ಕಾಲಕ್ರಮವೂ ಒಂದೇ.

ದಿನಾಂಕದ ಜೊತೆ ಗಂಟೆಯನ್ನೂ ಹಿಡಿದಿಡುವ ಟೈಮ್‌ಸ್ಟ್ಯಾಂಪ್ ಇನ್ನೊಂದು ಟೈಪ್. ಅದನ್ನೂ ‘ಗಂಟೆ ತೋರಿಸುವ ಫಾರ್ಮ್ಯಾಟ್’ ಎಂದುಕೊಳ್ಳುವವರಿದ್ದಾರೆ. ಇನ್‌ವಾಯ್ಸ್ ದಿನಾಂಕಕ್ಕೆ ಗಂಟೆ ಬೇಡ, ಡೇಟ್ ಟೈಪ್ ಸಾಕು. ಬ್ರೌಸರಿನಲ್ಲಿ ಓಡುವ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್‌ನ ಡೇಟ್ ಹೆಸರಿಗೆ ಡೇಟ್, ಒಳಗೆ ಟೈಮ್‌ಸ್ಟ್ಯಾಂಪ್. ಅದಕ್ಕೆ 2024-04-03 ಎಂಬ ಟೆಕ್ಸ್ಟ್ ಕೊಟ್ಟರೆ ಯುಟಿಸಿ ಎಂಬ ಜಾಗತಿಕ ಸಮಯದ ಮಧ್ಯರಾತ್ರಿ ಎಂದು ಓದಿಕೊಳ್ಳುತ್ತದೆ. ಯುಟಿಸಿಗಿಂತ ಗಡಿಯಾರ ಹಿಂದಿರುವ ನ್ಯೂಯಾರ್ಕಿನ ಬ್ರೌಸರಿನಲ್ಲಿ ಅದೇ ಇನ್‌ವಾಯ್ಸ್ ಏಪ್ರಿಲ್ 2ರದ್ದಾಗಿ ಕಾಣುತ್ತದೆ.