ಹಿಡಿಂಬನ ಬೂದಿಯಿಂದ ಹಟ್ಟಿಯ ಬೂದಿಗೆ

ಬಳ್ಳಾರಿಯಿಂದ ಹೊಸಪೇಟೆ ಕಡೆ ಹೊರಟರೆ ದಾರಿಯಲ್ಲಿ ಕುಡತಿನಿ ಸಿಗುತ್ತದೆ. ಈಗ ಆ ಊರಿನವರ ಮುಂದೆ ಬೂದಿಯ ಮಾತೆತ್ತಿದರೆ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಹಾರುಬೂದಿಯ ವಿಷಯವೇ ಬಂದೀತು. ಆದರೆ ಕುಡತಿನಿಗೆ ಅದಕ್ಕಿಂತ ಸಾವಿರಾರು ವರ್ಷ ಹಳೆಯದಾದ ಇನ್ನೊಂದು ಬೂದಿಯಿದೆ. ಊರ ಸಮೀಪದ ಆ ಬೋಳು ದಿಬ್ಬ ದೂರಕ್ಕೆ ಬಳ್ಳಾರಿ ಸೀಮೆಯ ಕಲ್ಲುಗುಡ್ಡಗಳ ಮರಿಯಂತೆ ಕಾಣುತ್ತದೆ. ಹತ್ತಿರ ಹೋದರೆ ಕಲ್ಲಿಲ್ಲ, ಮಣ್ಣೂ ಅಲ್ಲ. ಬೂದುಬಣ್ಣದ ಮೆತ್ತನೆ ಪುಡಿ. ಅದರ ನಡುವೆ ಕಮ್ಮಾರನ ಕುಲುಮೆಯಿಂದ ತೆಗೆದೆಸೆದ ಕಿಟ್ಟದಂಥ ತುಂಡುಗಳು. ಒಂದನ್ನು ಕೈಗೆತ್ತಿಕೊಂಡರೆ ಗಾತ್ರಕ್ಕೆ ತಕ್ಕ ಭಾರವಿಲ್ಲ. ಮೈತುಂಬ ಗುಳ್ಳೆ, ಮುರಿದ ಕಡೆ ಗಾಜಿನಂಥ ಹೊಳಪು. ಏನೋ ಒಂದು ಚೆನ್ನಾಗಿ ಉರಿದು, ಕರಗಿ, ಮತ್ತೆ ಹೆಪ್ಪುಗಟ್ಟಿದೆ.

ಏನದು? ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದಿದೆ. ಬೂದಿ ಇದ್ದಲ್ಲೇ ಇತ್ತು. ನೋಡಿದವರ ತಲೆಯಲ್ಲಿ ಏನಿತ್ತೋ ಅದು ಬೂದಿಯಲ್ಲೂ ಕಾಣುತ್ತ ಹೋಯಿತು.

ಇಂಥ ಬೂದಿದಿಬ್ಬಗಳು ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಸೀಮೆಯಲ್ಲಿ, ಗಡಿಯಾಚೆ ಮೆಹಬೂಬ್‌ನಗರ, ಅನಂತಪುರದ ಕಡೆ ಎಲ್ಲ ಸೇರಿ ನೂರಕ್ಕೂ ಹೆಚ್ಚಿವೆ. ಕೆಲವು ಹೊಲದ ನಡುವಿನ ಸಣ್ಣ ಉಬ್ಬು ಅಷ್ಟೇ. ಕೆಲವು ಹತ್ತು ಮೀಟರಿನಷ್ಟು ಎತ್ತರ. ಜನ ಇವಕ್ಕೆ ತಮ್ಮದೇ ವಿವರಣೆ ಕೊಟ್ಟುಕೊಂಡಿದ್ದರು. ಕುಡತಿನಿಯದು ಭೀಮ ಕೊಂದ ಹಿಡಿಂಬನನ್ನು ಸುಟ್ಟ ಜಾಗ. ಹಂಪಿಯ ಹತ್ತಿರ ನಿಂಬಾಪುರದ್ದು ವಾಲಿಯ ಚಿತೆ. ಕಿಷ್ಕಿಂಧೆಯ ಮಗ್ಗುಲಲ್ಲೇ ಇರುವ ಬೂದಿರಾಶಿಗೆ ವಾಲಿಯನ್ನಲ್ಲದೆ ಇನ್ಯಾರನ್ನು ತರುವುದು? ಈ ಕತೆಗಳನ್ನು ನಕ್ಕು ಬಿಡುವ ಮುಂಚೆ ಒಂದು ಮಾತು: ಇದು ನೆಲದೊಳಗಿಂದ ಉಕ್ಕಿದ್ದಲ್ಲ, ಯಾರೋ ಹಚ್ಚಿದ ಬೆಂಕಿಯದು, ಬಹಳ ಹಿಂದಿನದು ಎಂಬಷ್ಟನ್ನು ಕತೆ ಕಟ್ಟಿದವರು ಸರಿಯಾಗಿಯೇ ಹಿಡಿದಿದ್ದರು. ಆಮೇಲೆ ಬಂದ ಕೆಲವು ವಿದ್ವಾಂಸರಿಗೆ ಅಷ್ಟೂ ದಕ್ಕಲಿಲ್ಲ.

ಮದ್ರಾಸ್ ಸೇನೆಯ ಅಧಿಕಾರಿ ಟಿ.ಜೆ. ನ್ಯೂಬೋಲ್ಡ್ ಈ ದಿಬ್ಬಗಳನ್ನು ಸುತ್ತಿ ನೋಡಿ, ಹಿಡಿಂಬನ ಕತೆಯನ್ನೂ ಸೇರಿಸಿ 1843ರಲ್ಲಿ ಲೇಖನ ಪ್ರಕಟಿಸಿದ. ಅಲ್ಲಿಂದ ಮುಂದೆ ಊಹೆಗಳ ಸರದಿ. ಜ್ವಾಲಾಮುಖಿ ಎಂದರು. ಇಟ್ಟಿಗೆ ಭಟ್ಟಿ, ಸುಣ್ಣದ ಗೂಡು, ಕಬ್ಬಿಣ ಕರಗಿಸಿದ ಜಾಗ ಎಂದರು. ಬಳ್ಳಾರಿಯಲ್ಲಿ ಕಿಟ್ಟ ಕಂಡವರಿಗೆ ಕಬ್ಬಿಣ ಹೊಳೆಯುವುದು ಸಹಜವೇ. ಆದರೆ ಭಟ್ಟಿಯೇ ಇಲ್ಲದ ಕಾರ್ಖಾನೆ ಎಲ್ಲಿಯದು?

ಎಲ್ಲಕ್ಕಿಂತ ಸ್ವಾರಸ್ಯದ್ದು ಮದ್ರಾಸ್ ಸರ್ಕಾರದಲ್ಲಿ ಅಧಿಕಾರಿಯಾಗಿದ್ದ ರಾಬರ್ಟ್ ಸಿವೆಲ್‌ನ ಊಹೆ. 1899ರಲ್ಲಿ ಆತ ಇವನ್ನು ವಿಜಯನಗರ ಕಾಲಕ್ಕೆ ಕಟ್ಟಿದ. ದೊಡ್ಡ ಪ್ರಮಾಣದ ದಹನ, ಸಹಗಮನಗಳ ಬೂದಿ ಇದಾಗಿರಬಹುದು ಎಂದ. ಮರುವರ್ಷವೇ, 1900ರಲ್ಲಿ, ಆತನ ವಿಜಯನಗರದ ಪ್ರಸಿದ್ಧ ಇತಿಹಾಸ ಹೊರಬಂತು. ಪಾಯೆಸ್, ನ್ಯೂನಿಜ್ ಎಂಬ ಪೋರ್ಚುಗೀಸರ ವರದಿಗಳ ಅನುವಾದ ಇರುವುದು ಅದರಲ್ಲೇ. ರಾಜ ಸತ್ತರೆ ರಾಣಿಯರು ಬೆಂಕಿಗೆ ಹಾರುವ ವರ್ಣನೆಯೂ ಅಲ್ಲೇ ಬರುತ್ತದೆ. ಹಗಲೂ ರಾತ್ರಿ ಆ ಕಾಗದಗಳಲ್ಲಿ ಮುಳುಗಿದ್ದವನಿಗೆ ಬಯಲಿನ ಬೂದಿಯಲ್ಲಿ ಚಿತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ವಿಚಿತ್ರವೆಂದರೆ ಸರಿಯುತ್ತರ ಅದಕ್ಕೂ ಮೊದಲೇ ಸಿಕ್ಕಿತ್ತು. ಭೂವಿಜ್ಞಾನ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್, 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಹಳೇ ಶಿಲಾಯುಗದ ಕೈಗೊಡಲಿ ಹುಡುಕಿದಾತ, ಬಳ್ಳಾರಿ ಸೀಮೆಯನ್ನು ವರ್ಷಗಟ್ಟಲೆ ಅಲೆದಿದ್ದ. ದಿಬ್ಬಗಳ ಸುತ್ತಮುತ್ತ ಉಜ್ಜಿ ನಯಮಾಡಿದ ಕಲ್ಲುಕೊಡಲಿಗಳು, ಕೈಯಿಂದ ಮಾಡಿದ ಮಡಕೆಯ ಚೂರುಗಳು ಸಿಗುವುದನ್ನು ಗಮನಿಸಿದ. ಇದು ನವಶಿಲಾಯುಗದವರ ಕೆಲಸ, ಉರಿದಿರುವುದು ದನದ ಸಗಣಿ ಎಂಬುದು ಅವನ ತೀರ್ಮಾನ. ಆದರೆ ಸಗಣಿ ಎಂಬ ಉತ್ತರಕ್ಕೆ ಚಿತೆಯ ಗಾಂಭೀರ್ಯವೂ ಇಲ್ಲ, ಲೋಹದ ಮಿನುಗೂ ಇಲ್ಲ. ಆ ಮಾತು ಬಹಳ ಕಾಲ ಮೂಲೆಗೆ ಬಿದ್ದಿತ್ತು.

ಸಗಣಿ ಗಾಜಾಗುತ್ತದೆಯೇ? ಒಲೆಗೆ ಕುಳ್ಳು ಹಾಕಿದ ಯಾರಿಗಾದರೂ ಈ ಅನುಮಾನ ಬರುತ್ತದೆ. ಕುಳ್ಳು ಉರಿದರೆ ಉಳಿಯುವುದು ಊದಿದರೆ ಹಾರುವ ಬೂದಿ, ಕಿಟ್ಟವಲ್ಲ. ಇದರ ಗುಟ್ಟಿರುವುದು ಹುಲ್ಲಿನಲ್ಲಿ. ಹುಲ್ಲು ಬೆಳೆಯುವಾಗ ನೆಲದಿಂದ ಸಿಲಿಕಾ, ಅಂದರೆ ಗಾಜಿಗೆ ಮೂಲವಾದ ಮರಳಿನ ಅಂಶವನ್ನು, ಹೀರಿಕೊಳ್ಳುತ್ತದೆ. ಕೆಲವು ಹುಲ್ಲಿನ ಅಂಚು ಕೈ ಕೊಯ್ಯುವುದು ಅದರಿಂದಲೇ. ದನದ ಹೊಟ್ಟೆಯಲ್ಲಿ ಅದು ಕರಗದೆ ಸಗಣಿಯಲ್ಲಿ ಹಾಗೇ ಇಳಿಯುತ್ತದೆ. ಒಲೆಯ ಉರಿ ಅದನ್ನು ಕರಗಿಸಲಾರದು. ಆಳೆತ್ತರದ ಸಗಣಿ ರಾಶಿ ಒಳಗೊಳಗೇ ಉರಿದರೆ ಬಿಸಿ ಹೊರಹೋಗದೆ ಏರುತ್ತಲೇ ಇರುತ್ತದೆ. ಬೂದಿಯಲ್ಲಿರುವ ಕ್ಷಾರ ಸಿಲಿಕಾ ಬೇಗ ಕರಗಲು ನೆರವಾಗುತ್ತದೆ. ಲಂಡನ್ನಿನ ಪುರಾತತ್ವ ಸಂಸ್ಥೆಯಲ್ಲಿದ್ದ ಫ್ರೆಡರಿಕ್ ಝೋಯ್ನರ್ 1960ರ ಸುಮಾರಿಗೆ ಬಳ್ಳಾರಿಯ ಮಾದರಿಗಳನ್ನು ಪರೀಕ್ಷಿಸಿ ಇದು ಸಗಣಿಯೇ ಎಂದು ಖಚಿತಪಡಿಸಿದಾಗ ಫೂಟ್ ಸತ್ತು ಅರ್ಧ ಶತಮಾನವೇ ಆಗುತ್ತ ಬಂದಿತ್ತು.

ಅಷ್ಟರಲ್ಲಿ ಬ್ರಿಟಿಷ್ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಉತ್ನೂರಿನಲ್ಲಿ ಅಗೆತ ಮುಗಿಸಿದ್ದರು. ರಾಯಚೂರಿನಾಚೆ, ಆಗಿನ ಮೆಹಬೂಬ್‌ನಗರ ಜಿಲ್ಲೆಯ ಊರು ಅದು. 1957ರ ಆ ಅಗೆತದಲ್ಲಿ ಬೂದಿಯ ಪದರುಗಳ ನಡುವೆ ಸಾಲುಸಾಲಾಗಿ ಕಂಬ ನೆಟ್ಟ ಕುಳಿಗಳು ಸಿಕ್ಕವು. ಒಳಗೊಂದು ಬೇಲಿ, ಹೊರಗೊಂದು ಬೇಲಿ. ಸುಟ್ಟು ಹೋದ ಮೇಲೆ ಅದೇ ಜಾಗದಲ್ಲಿ ಮತ್ತೆ ಕಟ್ಟಿದ್ದಾರೆ, ಅದೂ ಸುಟ್ಟಿದೆ, ಮತ್ತೆ ಕಟ್ಟಿದ್ದಾರೆ. ಒಂದು ಪದರದ ಮೇಲ್ಮೈ ಬಿಡಿಸಿದಾಗ ಕಂಡದ್ದು ದನದ ಗೊರಸಿನ ಗುರುತುಗಳು. ಯಾವತ್ತೋ ಒಂದು ದಿನ ಬೂದಿ ಇನ್ನೂ ಮೆತ್ತಗಿದ್ದಾಗ ದನಗಳು ಅದರ ಮೇಲೆ ಓಡಾಡಿದ್ದವು. ಎರಡು ಸೀಳಿನ ಆ ಗೊರಸು ಹಾಗೇ ಅಚ್ಚೊತ್ತಿ, ಮೇಲೆ ಮತ್ತೊಂದು ಪದರ ಬಿದ್ದು, ನಾಲ್ಕು ಸಾವಿರ ವರ್ಷ ಮಲಗಿತ್ತು. ಸಹಗಮನ, ಕಾರ್ಖಾನೆಗಳ ವಾದಕ್ಕೆಲ್ಲ ಆ ಗೊರಸುಗಳು ಸಾಕಾದವು. ದಿಬ್ಬವೆಂದರೆ ದನದ ದೊಡ್ಡಿ.

ಕಾಲದ ಲೆಕ್ಕವೂ ಅಲ್ಲೇ ಬುಡಮೇಲಾಯಿತು. 1947ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದು, ಕಲ್ಲುಕೊಡಲಿಯ ಜನರನ್ನು ಕ್ರಿ.ಪೂ. ಒಂದನೇ ಸಹಸ್ರಮಾನಕ್ಕೆ ಇಟ್ಟಿದ್ದರು. ಉತ್ನೂರಿನ ಇದ್ದಿಲನ್ನು ರೇಡಿಯೊ ಕಾರ್ಬನ್ ಪರೀಕ್ಷೆಗೆ ಹಾಕಿದರೆ ಕ್ರಿ.ಪೂ. ಮೂರನೇ ಸಹಸ್ರಮಾನದ ಕೊನೆಯ ಭಾಗ ಬಂತು. ವ್ಹೀಲರ್ ಅಂಥವರ ಅಂದಾಜೇ ಸಾವಿರ ವರ್ಷ ತಪ್ಪಿತ್ತು. ಈಗ ಈ ನವಶಿಲಾಯುಗವನ್ನು ಒಟ್ಟಾರೆ ಕ್ರಿ.ಪೂ. 3000ದಿಂದ 1200ರ ನಡುವೆ ಇಡುತ್ತಾರೆ. ಅಂದರೆ ಮೊಹೆಂಜೊದಾರೊದಲ್ಲಿ ಇಟ್ಟಿಗೆಯ ಬೀದಿಗಳಿದ್ದಾಗ ನಮ್ಮ ಕಡೆ ದನದ ಹಟ್ಟಿಗಳಿದ್ದವು.

ದೊಡ್ಡಿ ಸರಿ, ಆದರೆ ಬೆಂಕಿ ಯಾಕೆ? ಕೊಟ್ಟಿಗೆಗೆ ಬೆಂಕಿ ಬೀಳುವುದುಂಟು. ಒಂದೇ ಜಾಗಕ್ಕೆ ಹತ್ತಾರು ಸಲ ಬೀಳುವುದೆಂದರೆ ನಂಬುವುದು ಕಷ್ಟ. ಬೇಕೆಂದೇ, ಕಾಲಕಾಲಕ್ಕೆ ಹಚ್ಚುತ್ತಿದ್ದರು ಎಂದರು ಆಲ್ಚಿನ್. ಮೇವಿಗಾಗಿ ವಲಸೆ ಹೊರಡುವಾಗಲೋ ತಿರುಗಿ ಬಂದಾಗಲೋ ನಡೆಯುತ್ತಿದ್ದ ಆಚರಣೆ ಇದಾಗಿರಬೇಕೆಂದು ಹೋಳಿ, ದೀಪಾವಳಿ, ಪೊಂಗಲ್‌ಗಳ ಬೆಂಕಿಗೆ ಹೋಲಿಸಿದರು. ಸಂಕ್ರಾಂತಿಯ ಸಂಜೆ ಮಂಡ್ಯ, ಮೈಸೂರಿನ ಕಡೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಈ ಮಾತು ತಟ್ಟನೆ ಹಿಡಿಸುತ್ತದೆ. ನನಗೂ ಹಿಡಿಸಿತ್ತು. ಆದರೆ ಹಿಡಿಸಿತು ಎಂಬುದೇ ಎಚ್ಚರದಿಂದಿರಲು ಕಾರಣ. ಸಿವೆಲ್ ತನಗೆ ಗೊತ್ತಿದ್ದ ಚಿತೆಯನ್ನು ಬೂದಿಗೆ ಅಂಟಿಸಿದ. ನಾವು ನಮಗೆ ಗೊತ್ತಿರುವ ಹಬ್ಬವನ್ನು ಅಂಟಿಸುತ್ತಿದ್ದೇವೆ. ನಡುವೆ ನಾಲ್ಕು ಸಾವಿರ ವರ್ಷ ಬಿದ್ದಿದೆ.

ಇಲ್ಲಿಯವರೆಗೆ ಬಹುತೇಕ ಎಲ್ಲರೂ ಅಗೆದದ್ದು ಬೂದಿಯನ್ನು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಬೂದಿಯ ಪಕ್ಕವನ್ನೂ ಅಗೆದರು. ಅವರು ಆರಿಸಿಕೊಂಡದ್ದು ಸುರಪುರ ಸೀಮೆಯ ಬೂದಿಹಾಳ. ಪುರಾತತ್ವದವರು ಬರುವ ಎಷ್ಟೋ ಮೊದಲೇ ಊರಿನ ಹೆಸರು ತನ್ನ ಬೂದಿಯನ್ನು ಹೇಳಿಕೊಂಡಿತ್ತು. 1989ರ ಹೊತ್ತಿಗೆ ಶುರುವಾಗಿ ಹಲವು ಋತು ನಡೆದ ಆ ಕೆಲಸದಲ್ಲಿ, ಮೇಲಿಂದ ಕೆಳಕ್ಕೆ ಒಂದೇ ಗುಂಡಿ ತೋಡುವ ಬದಲು ನೆಲವನ್ನು ಅಗಲವಾಗಿ ಬಿಡಿಸುತ್ತ ಹೋದರು. ದನ ಕೂಡುವ ಜಾಗ, ಸಗಣಿ ಒಟ್ಟುವ ಜಾಗ ಬೇರೆಬೇರೆಯಾಗಿ ಕಂಡವು. ಅದರ ಮಗ್ಗುಲಲ್ಲೇ ಜನವಸತಿಯ ನೆಲ, ಚರ್ಟ್ ಕಲ್ಲಿನಿಂದ ಅಲಗು ಎಬ್ಬಿಸುತ್ತಿದ್ದ ಕಮ್ಮಟ, ಮಡಕೆಯಲ್ಲಿಟ್ಟು ಹೂತ ಎಳೆಮಕ್ಕಳು. ದನಗಳನ್ನು ಕೊಯ್ದು ಪಾಲು ಮಾಡುತ್ತಿದ್ದ ನೆಲವೂ ಸಿಕ್ಕಿತು. ಮೂಳೆಗಳ ರಾಶಿಯ ನಡುವೆ ಕಡಿಯಲು ಬಳಸಿದ ಕಲ್ಲಿನ ಆಯುಧಗಳಿದ್ದವು. ದನವನ್ನು ಬಂಡೆಬಂಡೆಯ ಮೇಲೆ ಬರೆದು ಮೆರೆಸಿದವರೇ ಅದನ್ನು ತಿನ್ನುತ್ತಲೂ ಇದ್ದರು. ಇವತ್ತಿನ ನಮ್ಮ ಜಗಳಗಳಿಗೆ ಯಾವ ಕಡೆಯಿಂದಲೂ ಒಗ್ಗದ ಸಂಗತಿ ಇದು.

ಬೂದಿಹಾಳದ ನಂತರ ಪ್ರಶ್ನೆಯೇ ಬದಲಾಯಿತು. ದಿಬ್ಬ ಬರೀ ದೊಡ್ಡಿಯಲ್ಲ, ಊರಿನದೇ ಒಂದು ಭಾಗ. ದೊಡ್ಡಿಯೋ ವಸತಿಯೋ ಎಂಬ ವಾದವನ್ನು ಇಂಗ್ಲಿಷಿನಲ್ಲಿ ಓದುವಾಗೆಲ್ಲ ನನಗೆ ನಮ್ಮ ‘ಹಟ್ಟಿ’ ನೆನಪಾಗುತ್ತದೆ. ದನ ಕಟ್ಟುವ ಜಾಗವೂ ಹಟ್ಟಿ, ಗೊಲ್ಲರಹಟ್ಟಿಯಂಥ ಊರೂ ಹಟ್ಟಿ. ದನದ ಮನೆಯನ್ನೂ ಜನರ ಮನೆಯನ್ನೂ ಕನ್ನಡ ಒಂದೇ ಮಾತಿನಲ್ಲಿ ಕಟ್ಟಿಹಾಕಿದೆ. ಇದು ಪುರಾವೆಯಲ್ಲ, ಒಪ್ಪುತ್ತೇನೆ. ಆದರೆ ಈ ಮಾತನ್ನು ದಿನಾ ಆಡುವವರಿಗೆ ಬೂದಿಹಾಳದ ನಕ್ಷೆ ಅಷ್ಟೇನೂ ಒಗಟಾಗಿ ಕಾಣದು.

ದನಗಾಹಿಗಳೆಂದ ಮಾತ್ರಕ್ಕೆ ಇವರು ಹಾಲು, ಮಾಂಸದಲ್ಲೇ ಬದುಕಿದವರಲ್ಲ. ಸಂಗನಕಲ್ಲು, ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳ ಮಣ್ಣನ್ನು ನೀರಿಗೆ ಹಾಕಿ, ತೇಲಿ ಬಂದ ಸುಟ್ಟ ಕಾಳುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದ ಪುರಾತತ್ವಜ್ಞ ಡೋರಿಯನ್ ಫುಲ್ಲರ್ ಪಟ್ಟಿ ಮಾಡಿದ್ದು ಮುಖ್ಯವಾಗಿ ನಾಲ್ಕು: ಹುರುಳಿ, ಹೆಸರು, ಕೊರಲೆ, ಮತ್ತು ನವಣೆಯ ಜಾತಿಯ ಒಂದು ಕಿರುಧಾನ್ಯ. ಗೋಧಿ, ಬಾರ್ಲಿ ಬಂದದ್ದು ಆಮೇಲೆ. ದಕ್ಷಿಣದ ಬೇಸಾಯ ಉತ್ತರದಿಂದ ಇಳಿದು ಬಂದದ್ದು ಎಂಬ ಹಳೆಯ ನಂಬಿಕೆ ಈ ಕರಕಲು ಕಾಳುಗಳ ಮುಂದೆ ಅಲುಗಾಡಿತು. ಕೊರಲೆಯನ್ನು ತುಮಕೂರು ಜಿಲ್ಲೆಯ ಒಣಹೊಲಗಳಲ್ಲಿ ಈಗಲೂ ಬಿತ್ತುತ್ತಾರೆ.

ಈ ಜನ ಬಂಡೆಗಳ ಮೇಲೆ ಏನು ಬರೆದರು ಎಂಬುದನ್ನು ನೋಡಬೇಕಾದರೆ ಬಳ್ಳಾರಿ ಪಕ್ಕದ ಕುಪ್ಪಗಲ್ಲಿಗೆ ಹೋಗಬೇಕು. ಬೆಟ್ಟದ ಮೈಯಲ್ಲಿ ಕಪ್ಪು ಡೋಲರೈಟ್ ಬಂಡೆಗಳ ಒಂದು ಸಾಲು ಹಾದುಹೋಗಿದೆ. ಅವುಗಳ ಮೇಲೆ ಕುಟ್ಟಿ ಮೂಡಿಸಿದ ಚಿತ್ರಗಳಲ್ಲಿ ದನವೇ ಹೆಚ್ಚು; ಉದ್ದ ಕೊಂಬು, ಎದ್ದು ಕಾಣುವ ಇಣಿ. 19ನೇ ಶತಮಾನದಲ್ಲೇ ಗೊತ್ತಾಗಿದ್ದ ಈ ಚಿತ್ರಗಳ ನಡುವೆ ಇನ್ನೊಂದು ವಿಶೇಷವಿದೆ ಎಂದು ಪುರಾತತ್ವಜ್ಞೆ ನಿಕೋಲ್ ಬೋವಿನ್ 2004ರಲ್ಲಿ ಬರೆದರು. ಕೆಲವು ಬಂಡೆಗಳಲ್ಲಿ ಸವೆದ ಕುಳಿಗಳಿವೆ. ಅಲ್ಲಿಗೆ ಕಲ್ಲಿನಿಂದ ಬಡಿದರೆ ಬಂಡೆ ಜಾಗಟೆಯಂತೆ ದನಿ ಕೊಡುತ್ತದೆ. ಬೂದಿ, ಮೂಳೆ, ಕಾಳು ಎಂದೆಲ್ಲ ಮೂಕ ವಸ್ತುಗಳನ್ನೇ ಓದುತ್ತಿದ್ದವರಿಗೆ ಅಲ್ಲಿ ಒಂದು ಸದ್ದು ಸಿಕ್ಕಿತು. ಅದು ಯಾವುದಕ್ಕೆ ಬಡಿದದ್ದು, ಕುಣಿತಕ್ಕೋ, ಪೂಜೆಗೋ, ದೂರದ ದನಗಾಹಿಯನ್ನು ಕರೆಯುವುದಕ್ಕೋ, ಬಂಡೆ ಹೇಳುವುದಿಲ್ಲ. ಕಲ್ಲುಗಣಿಗಾರಿಕೆ ಆ ಬೆಟ್ಟವನ್ನು ಕೆರೆಯುತ್ತಿದ್ದ ದಿನಗಳಲ್ಲೇ ಈ ಬರಹ ಬಂತು. ಅಲ್ಲೆಲ್ಲ ಕೆಲಸ ಮಾಡಿದ ಧಾರವಾಡದ ರವಿ ಕೋರಿಶೆಟ್ಟರ್ ಮುಂತಾದವರ ಶ್ರಮದಿಂದ ಬಳ್ಳಾರಿಯಲ್ಲಿ ಈಗ ಫೂಟ್ ಹೆಸರಿನ ಒಂದು ವಸ್ತುಸಂಗ್ರಹಾಲಯವಿದೆ.

ಬೆಂಕಿ ಯಾಕೆ ಎಂಬ ಪ್ರಶ್ನೆ ಮಾತ್ರ ಈಗಲೂ ಜಗಳದಲ್ಲೇ ಇದೆ. ಮಳೆಗಾಲದಲ್ಲಿ ರಾಡಿಯಾಗಿ ನೊಣ, ಹುಳ, ರೋಗ ತರುವ ಸಗಣಿಯನ್ನು ಸುಟ್ಟು ಸ್ವಚ್ಛ ಮಾಡುತ್ತಿದ್ದರು ಎಂಬುದು ಒಂದು ವಾದ. ಅಷ್ಟೇ ಆಗಿದ್ದರೆ ಬೂದಿಯನ್ನು ಒಂದೇ ಕಡೆ ತಲೆಮಾರುಗಟ್ಟಲೆ ಎತ್ತರಕ್ಕೆ ಪೇರಿಸುವ ಅಗತ್ಯವೇನಿತ್ತು ಎಂಬುದು ಅದಕ್ಕೆ ಎದುರು ಪ್ರಶ್ನೆ. ಪೀಟರ್ ಯೋಹಾನ್ಸೆನ್ ಎಂಬ ಸಂಶೋಧಕ 2004ರಲ್ಲಿ ಇವನ್ನು ಬೇಕೆಂದೇ ಎಬ್ಬಿಸಿದ ಸ್ಮಾರಕಗಳು ಎಂದೇ ಕರೆದ. ಕಲ್ಲಿನಲ್ಲಿ ಗುಡಿ ಕಟ್ಟುವ ಮೊದಲು ಇಲ್ಲಿನವರು ಸಗಣಿಯಲ್ಲಿ ಕಟ್ಟಿದರು ಎಂಬಂತೆ. ನನ್ನ ಒಲವು ಎರಡರ ನಡುವೆ ಎಲ್ಲೋ ಇದೆ: ಕಸ ಗುಡಿಸುವುದಕ್ಕೂ ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕುವುದಕ್ಕೂ ನಡುವೆ ಗೆರೆ ಎಳೆಯುವುದು ನಮ್ಮ ಮನೆಗಳಲ್ಲೇ ಸುಲಭವಲ್ಲ.

ಹೊಲವಿದ್ದ ಜನ ಅಷ್ಟೊಂದು ಸಗಣಿಯನ್ನು ಗೊಬ್ಬರಕ್ಕೆ ಹಾಕದೆ ಯಾಕೆ ಸುಟ್ಟರು ಎಂದು ಯಾವ ರೈತನಾದರೂ ಕೇಳಿಯಾನು. ಅವನು ಬರೀ ಕೇಳಿ ಸುಮ್ಮನಿರಲಿಲ್ಲ. ದಿಬ್ಬಗಳ ಬೂದಿ ಬೆಳೆಗೆ ಒಳ್ಳೆಯದೆಂದು ಗೊತ್ತಾದ ಕಡೆ ಗುದ್ದಲಿ ಹಿಡಿದು ಅಗೆದು, ಬಂಡಿಗೆ, ಆಮೇಲೆ ಟ್ರ್ಯಾಕ್ಟರಿಗೆ ತುಂಬಿ ಹೊಲಕ್ಕೆ ಚೆಲ್ಲಿದ್ದಾನೆ. ಹಲವು ದಿಬ್ಬಗಳು ಹಾಗೆ ಅರ್ಧಕ್ಕರ್ಧ ಕರಗಿವೆ. ಅಗೆದ ಕಡೆ ಕೇಕಿನಂತೆ ಪದರುಗಳು ಕಾಣುತ್ತವೆ, ಮೆತ್ತನೆ ಬೂದಿ ಒಂದು, ಗಾಜಾದ ಕಿಟ್ಟ ಒಂದು, ಮತ್ತೆ ಬೂದಿ.